ಪಾಸ್ಟರ್ ಹೋಗೋ ಬಾಗಿಲು, ವಿಶ್ವಾಸಿ ಹೋಗೋ ಬಾಗಿಲು: ಸಭೆಯೊಳಗಿನ ಬಲವಂತಕ್ಕೆ ಎಷ್ಟು ಹಳೇ ಇತಿಹಾಸ ಇದೆ ಗೊತ್ತಾ

ಇಪ್ಪತ್ತು ಮೂವತ್ತು ವರ್ಷ ಒಂದೇ ಸಭೆ (ಚರ್ಚಿನ ವಿಶ್ವಾಸಿಗಳ ಕೂಟ) ನಡೆಸಿದ ಪಾಸ್ಟರ್ ಇನ್ನು ಇಳೀತಾರೆ ಅಂತ ಸುದ್ದಿ ಆದ ಕೂಡ್ಲೇ ಏನೇನಾಗುತ್ತೆ ಅಂತ ಚರ್ಚ್ ಒಳಗಿದ್ದೋರಿಗೆ ಬಿಡಿಸಿ ಹೇಳಬೇಕಿಲ್ಲ. ಕಮಿಟಿ ಮೀಟಿಂಗ್ ಮುಗಿಯೋದೇ ಇಲ್ಲ, ಆರಾಧನೆ ಆದ್ಮೇಲೆ ಜನ ಎರಡು ಗುಂಪಾಗಿ ನಿಂತ್ಕೊಂಡು ಮಾತಾಡ್ತಾರೆ, ಹಳಬರಿಗೆ ಹೊಸಬ ಬೇಡ, ಹೊಸಬರಿಗೆ ಹಳಬರ ಕಾಟ ಬೇಡ. ಇದೆಲ್ಲ ಇದ್ದದ್ದೇ ಬಿಡಿ. ಆದ್ರೆ ಇದೇ ಟೈಮಲ್ಲಿ ಇನ್ನೊಂದು ಮಾತು ಮೆಲ್ಲಗೆ ತಲೆ ಎತ್ತುತ್ತೆ, "ಇದು ದೇವರ ಚಿತ್ತ, ಒಪ್ಪದೇ ಇರೋರು ದೇವರಿಗೇ ಎದುರು ನಿಂತ ಹಾಗೆ" ಅನ್ನೋದು. ಅಲ್ಲಿಗೆ ಯಾರು ನಾಯಕ ಅನ್ನೋ ಜಗಳ ಯಾರ ವಿಶ್ವಾಸ ನಿಜ ಅನ್ನೋ ಜಗಳ ಆಗೋಗುತ್ತೆ. ಸಭೆಯ ಇತಿಹಾಸ ಓದ್ತಾ ಹೋದ್ರೆ ನನಗೆ ಕಾಣೋದು ಏನಂದ್ರೆ ಈ ಎರಡು ಜಗಳ ಯಾವತ್ತೂ ಬೇರೆ ಬೇರೆ ಆಗಿರಲೇ ಇಲ್ಲ, ಮೇಲಿರೋನು ಇಳಿಯೋಕೆ ದಾರಿ ಇಲ್ಲದ ಕಡೆ ಕೆಳಗಿರೋರು ಹೊರಗೆ ಹೋಗೋಕೂ ದಾರಿ ಮುಚ್ಚಿರುತ್ತೆ.

ಶುರುನಲ್ಲಿ ಹೀಗಿರಲಿಲ್ಲ. ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿ (ಅಪೊಸ್ತಲರು ಅಂದ್ರೆ ಯೇಸುವಿನ ಮೊದಲ ಮುಖ್ಯ ಶಿಷ್ಯರು) ಯೇಸುವನ್ನ ಹಿಡಿದುಕೊಟ್ಟ ಯೂದನ ಜಾಗ ಖಾಲಿ ಆದಾಗ ಸುಮಾರು 120 ಜನ ಸೇರಿ ಇಬ್ಬರನ್ನ ನಿಲ್ಲಿಸಿ ಚೀಟು ಹಾಕ್ತಾರೆ, ಮತ್ತೀಯನ ಹೆಸರು ಬರುತ್ತೆ. ಆಮೇಲೆ ದಿನದ ಊಟ ಹಂಚೋದ್ರಲ್ಲಿ ಗ್ರೀಕ್ ಮಾತಾಡೋ ವಿಧವೆಯರಿಗೆ ಅನ್ಯಾಯ ಆಗ್ತಿದೆ ಅಂತ ಗೊಣಗಾಟ ಎದ್ದಾಗ ಅಪೊಸ್ತಲರು ತಾವೇ ಯಾರನ್ನೋ ಕೂರಿಸಲಿಲ್ಲ, ನೀವೇ ಏಳು ಜನರನ್ನ ಆರಿಸ್ಕೊಳ್ಳಿ ಅಂದ್ರು. ಆರಿಸಿದ ಏಳೂ ಗ್ರೀಕ್ ಹೆಸರುಗಳು, ಅಂದ್ರೆ ದೂರು ಹೇಳಿದ ಕಡೆಯವರ ಕೈಗೇ ಜವಾಬ್ದಾರಿ ಹೋಯ್ತು ಅನ್ಸುತ್ತೆ. ಪೇತ್ರನ ಮೊದಲ ಪತ್ರದ ಐದನೇ ಅಧ್ಯಾಯದಲ್ಲಿ ಹಿರಿಯರಿಗೆ ಹೇಳಿರೋದೂ ಇದೇ ಧಾಟಿಯಲ್ಲಿ: ಮಂದೆ ಕಾಯೋದು ಬಲವಂತಕ್ಕಲ್ಲ ಮನಸ್ಸಿಂದ, ದುಡ್ಡಿನಾಸೆಗಲ್ಲ, ದೊರೆತನ ಮಾಡೋಕಂತೂ ಅಲ್ಲವೇ ಅಲ್ಲ. ದಿದಾಖೆ ಅಂತ ಒಂದು ಪುಟ್ಟ ಹಳೇ ಕೈಪಿಡಿ ಇದೆ, ಶತಮಾನಗಳ ಕಾಲ ಕಣ್ಮರೆಯಾಗಿದ್ದು 1873ರಲ್ಲಿ ಸಿಕ್ತು, ಅದರಲ್ಲಿ ಬಿಷಪ್‌ಗಳನ್ನ ನೀವೇ ಆರಿಸ್ಕೊಳ್ಳಿ ಅಂತಿದೆ, ಜೊತೆಗೆ ಊರೂರು ತಿರುಗೋ ಅಪೊಸ್ತಲ ಒಂದು ದಿನ ಉಳ್ಕೊಳ್ಳಲಿ, ಬೇಕಿದ್ರೆ ಎರಡು ದಿನ, ಮೂರನೇ ದಿನಾನೂ ಕೂತ್ರೆ ಅವನು ಸುಳ್ಳು ಪ್ರವಾದಿ, ಹೊರಡುವಾಗ ದುಡ್ಡು ಕೇಳಿದ್ರೂ ಸುಳ್ಳು ಪ್ರವಾದಿ ಅಂತ ಬರೆದಿದ್ದಾರೆ. (ಈಗಿನ ಎಷ್ಟು ಕನ್ವೆನ್ಷನ್ ಸ್ಪೀಕರ್‌ಗಳು ಇದರಲ್ಲಿ ಪಾಸ್ ಆಗ್ತಾರೋ ನೀವೇ ಯೋಚ್ನೆ ಮಾಡಿ.)

ಹಾಗಂತ ಆಗ ಜಗಳ ಇರಲಿಲ್ಲ ಅಂತಲ್ಲ. ಒಂದನೇ ಶತಮಾನದ ಕೊನೆಗೇ ಕೊರಿಂಥದ ಸಭೆ ತನ್ನ ಹಿರಿಯರನ್ನ ಕಿತ್ತುಹಾಕಿತ್ತು, ರೋಮ್ ಸಭೆ ಉದ್ದದ ಪತ್ರ ಬರೆದು ಎಲ್ಲರ ಒಪ್ಪಿಗೆಯಿಂದ ಬಂದು ಸರಿಯಾಗಿ ಕೆಲಸ ಮಾಡಿದೋರನ್ನ ಹೀಗೆ ತೆಗೆಯೋದು ತಪ್ಪು ಅಂತ ಬುದ್ಧಿ ಹೇಳ್ತು. ಆದ್ರೆ ಅದು ಪತ್ರ ಅಷ್ಟೇ, ಹಿಂದೆ ಪೊಲೀಸ್ ಇರಲಿಲ್ಲ. ಸುಮಾರು 212ರಲ್ಲಿ ಕಾರ್ಥೇಜ್‌ನ ಕ್ರೈಸ್ತ ಲೇಖಕ ಟೆರ್ಟುಲಿಯನ್ ರೋಮನ್ ಗವರ್ನರ್‌ಗೆ ಬರೀತಾ ಧರ್ಮವನ್ನ ಬಲವಂತ ಮಾಡೋದು ಧರ್ಮದ ಕೆಲಸವೇ ಅಲ್ಲ, ಅದು ಮನಸ್ಸಿಂದ ಒಪ್ಪಿಕೊಳ್ಳಬೇಕಾದದ್ದು ಅಂದ. ಹೊಡೆಸಿಕೊಳ್ಳೋ ಕಡೆ ಇದ್ದಾಗ ಈ ಮಾತು ಸುಲಭ ಅಂತ ಯಾರಾದ್ರೂ ಅನ್ನಬಹುದು, ಆಮೇಲೆ ಆಗಿದ್ದು ನೋಡಿದ್ರೆ ಅವರ ಮಾತು ಪೂರ್ತಿ ಸುಳ್ಳೂ ಅಲ್ಲ.

313ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕಾಲಕ್ಕೆ ಎಲ್ಲರಿಗೂ ಧರ್ಮದ ಸ್ವಾತಂತ್ರ್ಯ ಸಿಕ್ತು, 380ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಒಂದೇ ವಿಶ್ವಾಸ ಸರಿ ಅಂತ ಆಜ್ಞೆ ಹೊರಡಿಸಿದ. ಎಪ್ಪತ್ತು ವರ್ಷ ಆಗಿರಲಿಲ್ಲ. ಈ ನಡುವೆ ಬಿಷಪ್ ಸ್ಥಾನದ ಬೆಲೆ ಎಷ್ಟು ಏರಿತ್ತು ಅಂದ್ರೆ 366ರಲ್ಲಿ ರೋಮ್‌ನಲ್ಲಿ ಆ ಸ್ಥಾನಕ್ಕೆ ಪೈಪೋಟಿಗಿಳಿದ ಡಮಾಸಸ್ ಮತ್ತು ಉರ್ಸಿನಸ್ ಕಡೆಯವರು ಹೊಡೆದಾಡಿಕೊಂಡು ಒಂದೇ ದಿನ ಒಂದು ಚರ್ಚ್ ಒಳಗೆ 137 ಹೆಣ ಬಿದ್ದವು ಅಂತ ಅಮಿಯಾನಸ್ ಅನ್ನೋ ಇತಿಹಾಸಕಾರ ಬರೆದಿಟ್ಟಿದ್ದಾನೆ.

ಇಲ್ಲಿ ಅಗಸ್ಟೀನ್ ಅನ್ನೋ ದೊಡ್ಡ ಕ್ರೈಸ್ತ ಚಿಂತಕನ ಹತ್ರ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ಈ ಕಥೆಯ ಎರಡೂ ಎಳೆ ಒಬ್ಬನೇ ಮನುಷ್ಯನಲ್ಲಿ ಗಂಟು ಬಿದ್ದಿರೋದು ಅಲ್ಲೇ. 391ರಲ್ಲಿ ಅವನು ಉತ್ತರ ಆಫ್ರಿಕಾದ ಹಿಪ್ಪೊ ಊರಿಗೆ ಸುಮ್ನೆ ಬಂದಿದ್ದ, ಆರಾಧನೆಯಲ್ಲಿ ಕೂತಿದ್ದ, ಮುದಿ ಬಿಷಪ್ ವಲೇರಿಯಸ್ ನನಗೊಬ್ಬ ಪಾದ್ರಿ ಬೇಕು ಅಂತ ಹೇಳ್ತಿದ್ದ ಹಾಗೇ ಜನ ಅಗಸ್ಟೀನ್‌ನ ಹಿಡಿದು ಮುಂದಕ್ಕೆ ಎಳ್ಕೊಂಡು ಹೋಗಿ ನಿಲ್ಲಿಸಿಬಿಟ್ರು, ಅವನು ಅಳ್ತಿದ್ದ, ಅಳ್ತಾನೇ ದೀಕ್ಷೆ ಆಯ್ತು. ಅಂದ್ರೆ ಅವನ ಸೇವೆ ಶುರುವಾಗಿದ್ದೇ ಬಲವಂತದಿಂದ. ಆಗ ಆ ಊರಲ್ಲಿ ಡೊನಾಟಿಸ್ಟ್ ಅನ್ನೋ ಇನ್ನೊಂದು ಸಭೆ ಜೋರಾಗಿತ್ತು, ಆ ಒಡಕೂ ಹುಟ್ಟಿದ್ದು ನಾಯಕನ ವಿಷಯಕ್ಕೇನೆ, ಹಿಂಸೆಯ ಕಾಲದಲ್ಲಿ ಬೈಬಲ್ ಒಪ್ಪಿಸಿಬಿಟ್ಟೋರ ಕೈಯಿಂದ ಬಿಷಪ್ ಆದೋನು ನಿಜವಾದ ಬಿಷಪ್ಪಾ ಅಂತ. ಮೊದಲು ಅಗಸ್ಟೀನ್ ವಾದ ಮಾಡಿ ಒಲಿಸೋಣ, ಯಾರನ್ನೂ ಒತ್ತಾಯ ಮಾಡೋದು ಬೇಡ, ಮಾಡಿದ್ರೆ ನಾಟಕದ ವಿಶ್ವಾಸಿಗಳು ಸಿಗ್ತಾರೆ ಅಂತಿದ್ದ. ಆಮೇಲೆ ಚಕ್ರವರ್ತಿಯ ಕಾನೂನು ಬಂದು ಜನ ಹೆದರಿ ಈ ಕಡೆ ಬರೋಕೆ ಶುರು ಮಾಡಿದ್ರು, 408ರ ಸುಮಾರಿನ ಒಂದು ಪತ್ರದಲ್ಲಿ ಅವನೇ ಹೇಳ್ತಾನೆ, ನನ್ನ ಅಭಿಪ್ರಾಯ ಬದಲಾಯ್ತು, ವಾದಕ್ಕೆ ಸೋತಲ್ಲ, ಫಲಿತಾಂಶ ನೋಡಿ ಅಂತ. ಲೂಕನ ಸುವಾರ್ತೆಯ ಔತಣದ ಸಾಮ್ಯದಲ್ಲಿ "ಬಲವಂತ ಮಾಡಿ ಒಳಗೆ ಕರ್ಕೊಂಡು ಬಾ" ಅನ್ನೋ ಅರ್ಥದ ಮಾತಿದೆಯಲ್ಲ, ಅದನ್ನ ತಗೊಂಡು ಸರ್ಕಾರದ ಬಲಪ್ರಯೋಗಕ್ಕೆ ಸಮರ್ಥನೆ ಮಾಡಿದ. ಮರಣದಂಡನೆ ಬೇಡ ಅಂತ ಅಧಿಕಾರಿಗಳಿಗೆ ಬೇಡ್ಕೊಂಡ ಅನ್ನೋದೂ ನಿಜ, ಆದ್ರೆ ಮುಂದಿನ ಸಾವಿರ ವರ್ಷ ಜನ ಉಪಯೋಗಿಸಿದ್ದು ಸಾಮ್ಯದ ವಾದವನ್ನ, ಬೇಡಿಕೆಯನ್ನಲ್ಲ.

ಇದೇ ಅಗಸ್ಟೀನ್ ತನ್ನ ಸಭೆಯೊಳಗೆ ಬೇರೇನೇ ಥರ. 426ರ ಸೆಪ್ಟೆಂಬರ್ 26ಕ್ಕೆ, ವಯಸ್ಸು ಎಪ್ಪತ್ತು ದಾಟಿತ್ತು, ಜನರನ್ನ ಕರೆಸಿ ನನ್ನ ನಂತರ ಎರಾಕ್ಲಿಯಸ್ ಬರಲಿ ಅಂತ ನನ್ನ ಆಸೆ, ನಿಮ್ಮ ಒಪ್ಪಿಗೆ ಬೇಕು ಅಂದ, ಪಕ್ಕದಲ್ಲಿ ಶೀಘ್ರಲಿಪಿಕಾರರನ್ನ ಕೂರಿಸಿದ್ದ, ಹಾಗಾಗಿ ಜನ ಏನೇನು ಕೂಗಿದ್ರು ಎಷ್ಟು ಸಲ ಕೂಗಿದ್ರು ಅಂತ ದಾಖಲೆ ಇದೆ: ದೇವರಿಗೆ ಸ್ತೋತ್ರ, ಕ್ರಿಸ್ತನಿಗೆ ಮಹಿಮೆ ಅಂತ 23 ಸಲ, ಅಗಸ್ಟೀನ್ ಬಾಳಲಿ ಅಂತ 16 ಸಲ. ಯಾಕಿಷ್ಟು ಜಾಗ್ರತೆ ಅಂದ್ರೆ ಪಕ್ಕದ ಮಿಲೆವಿಸ್ ಸಭೆಯಲ್ಲಿ ಬಿಷಪ್ ಸೆವೆರಸ್ ತನ್ನ ನಂತರ ಯಾರು ಅಂತ ಪಾದ್ರಿಗಳಿಗೆ ಮಾತ್ರ ಹೇಳಿ ಸತ್ತುಹೋಗಿದ್ದ, ಜನಕ್ಕೆ ಹೇಳಿರಲಿಲ್ಲ, ಅಲ್ಲಿ ಅಸಮಾಧಾನ ಎದ್ದು ಅಗಸ್ಟೀನೇ ಹೋಗಿ ತಣ್ಣಗೆ ಮಾಡಬೇಕಾಯ್ತು. ಇನ್ನೊಂದು, ತಾನು ವಲೇರಿಯಸ್ ಬದುಕಿರುವಾಗಲೇ ಬಿಷಪ್ ಆಗಿದ್ದು ನೈಸೀಯಾ ಕೌನ್ಸಿಲ್ (ಬಿಷಪ್‌ಗಳ ಮಹಾಸಭೆ) ನಿಯಮಕ್ಕೆ ವಿರುದ್ಧ, ಆಗ ಇಬ್ಬರಿಗೂ ಗೊತ್ತಿರಲಿಲ್ಲ, ಅದನ್ನ ಈ ಹುಡುಗನಿಗೆ ಮಾಡಲ್ಲ ಅಂತ ಎಲ್ಲರ ಮುಂದೆ ಹೇಳಿದ. ಆಮೇಲೆ ಒಂದು ದೂರು: ವಾರಕ್ಕೆ ಐದು ದಿನ ಓದೋಕೆ ಬಿಡ್ತೀವಿ ಅಂತ ಮಾತು ಕೊಟ್ಟಿದ್ರಿ, ಬಿಡಲೇ ಇಲ್ಲ, ಇನ್ಮೇಲೆ ನಿಮ್ಮ ವ್ಯಾಜ್ಯ ಎಲ್ಲ ಎರಾಕ್ಲಿಯಸ್ ಹತ್ರ ತಗೊಂಡು ಹೋಗಿ ಅಂತ. ಅಧಿಕಾರ ಬಿಟ್ಟುಕೊಡೋದು ಹೇಗೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಪಾಠ ನಾನು ನೋಡಿಲ್ಲ, ಮತ್ತೆ ಅದೇ ಮನುಷ್ಯ ಪಕ್ಕದ ಬೀದಿಯ ಡೊನಾಟಿಸ್ಟ್‌ಗೆ ಈ ಮರ್ಯಾದೆ ಯಾಕೆ ಕೊಡಲಿಲ್ಲ ಅನ್ನೋದು ನನಗೆ ಇವತ್ತಿಗೂ ಜೀರ್ಣ ಆಗಿಲ್ಲ.

ಎರಡು ವರ್ಷ ಆದ್ಮೇಲೆ, 428ರಲ್ಲಿ, ಪೋಪ್ ಸೆಲೆಸ್ಟೀನ್ ಒಪ್ಪದ ಜನರ ಮೇಲೆ ಬಿಷಪ್‌ನ ಹೇರಬಾರದು ಅಂತ ಬರೆದ. ಕಾಗದದ ಮೇಲೆ ಇದು ಉಳೀತು, ನಡೆದದ್ದು ಬೇರೆ, ರಾಜರು, ಶ್ರೀಮಂತ ಮನೆತನಗಳು ಬಿಷಪ್‌ಗಳನ್ನ ಕೂರಿಸೋಕೆ ಶುರು ಮಾಡಿದ್ರು. ಬಲವಂತದ ಎಳೆ ಎಷ್ಟು ವಿಚಿತ್ರವಾಗಿ ಬೆಳೀತು ಅನ್ನೋದಕ್ಕೆ 633ರ ಸ್ಪೇನಿನ ಟೊಲೆಡೊ ಕೌನ್ಸಿಲ್ ನೋಡಿ. ಇನ್ನು ಮುಂದೆ ಯಹೂದಿಗಳನ್ನ ಬಲವಂತವಾಗಿ ಕ್ರೈಸ್ತರನ್ನಾಗಿ ಮಾಡಬಾರದು ಅಂತ ಅಲ್ಲಿ ತೀರ್ಮಾನ ಆಯ್ತು, ಒಳ್ಳೇದು, ಆದ್ರೆ ಹಿಂದಿನ ರಾಜ ಸಿಸೆಬುಟ್ ಕಾಲದಲ್ಲಿ ಬಲವಂತವಾಗಿ ದೀಕ್ಷಾಸ್ನಾನ (ಕ್ರೈಸ್ತರಾಗೋ ನೀರಿನ ಸಂಸ್ಕಾರ) ಆದೋರು ಮಾತ್ರ ವಾಪಸ್ ಹೋಗೋ ಹಾಗಿಲ್ಲ ಅಂತಲೂ ಅದೇ ಉಸಿರಲ್ಲಿ ಬರೆದ್ರು! ಫ್ರಾಂಕರ ರಾಜ ಶಾರ್ಲಮೇನ್ ತಾನು ಗೆದ್ದ ಸ್ಯಾಕ್ಸನ್ನರಿಗೆ ದೀಕ್ಷಾಸ್ನಾನ ಅಥವಾ ಸಾವು ಅಂದಾಗ ಅವನ ಆಸ್ಥಾನದ ಆಲ್ಕುಯಿನ್ ಜನರನ್ನ ವಿಶ್ವಾಸಕ್ಕೆ ಸೆಳೆಯಬಹುದು, ದಬ್ಬೋಕಾಗಲ್ಲ, ಮೊದಲು ಬೋಧನೆ ಆಮೇಲೆ ದಶಮಾಂಶ (ಆದಾಯದ ಹತ್ತರಲ್ಲೊಂದು ಪಾಲಿನ ಕಾಣಿಕೆ) ಅಂತ 796ರಲ್ಲಿ ಪತ್ರ ಬರೆದ.

ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರ್ ಕಥೆ ಅಗಸ್ಟೀನ್ ಕಥೆಯ ರಿಪೀಟ್ ಥರ ಇದೆ. 1522ರಲ್ಲಿ ಬೋಧಿಸ್ತೀನಿ, ಬರೀತೀನಿ, ಯಾರನ್ನೂ ಬಲವಂತ ಮಾಡಲ್ಲ ಅಂತ ಪ್ರಸಂಗ ಮಾಡಿದ, 1523ರಲ್ಲಿ ಬೋಧಕರನ್ನ ಕರೆಯೋ ಹಕ್ಕು, ತೆಗೆಯೋ ಹಕ್ಕು ಎರಡೂ ಸಭೆಗಿದೆ ಅಂತ ಬರೆದ, 1530ರ ದಶಕಕ್ಕೆ ಬರುವಷ್ಟರಲ್ಲಿ ಆನಾಬ್ಯಾಪ್ಟಿಸ್ಟರನ್ನ ಸರ್ಕಾರ ಶಿಕ್ಷಿಸಬಹುದು ಅನ್ನೋ ಕಡೆ ಸಹಿ ಹಾಕಿದ. ಆ ಆನಾಬ್ಯಾಪ್ಟಿಸ್ಟರು ಮಗುವಿಗೆ ಕೊಡೋ ದೀಕ್ಷಾಸ್ನಾನ ಒಪ್ಪಲ್ಲ, ತಿಳುವಳಿಕೆ ಬಂದು ತಾನೇ ಬಂದೋರಿಗೆ ಮಾತ್ರ ಅಂತಿದ್ರು, 1527ರ ಜನವರಿಯಲ್ಲಿ ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಸ್‌ನ ಜ್ಯೂರಿಕ್‌ನಲ್ಲಿ ನದಿಗೆ ಮುಳುಗಿಸಿ ಕೊಂದ್ರು, ಅದೂ ಪ್ರೊಟೆಸ್ಟೆಂಟ್ ಸರ್ಕಾರ. ಮುಂದಿನ ತಿಂಗಳೇ ಅವರು ಶ್ಲೈಟ್‌ಹೈಮ್‌ನಲ್ಲಿ ಸೇರಿ ಏಳು ಅಂಶ ಒಪ್ಪಿಕೊಂಡ್ರು, ಅದರಲ್ಲಿ ಒಂದು ನಾಯಕತ್ವದ್ದು: ಪಾಲಕನನ್ನ (ಅಂದ್ರೆ ಪಾಸ್ಟರನ್ನ) ಓಡಿಸಿದ್ರೆ ಅಥವಾ ಕೊಂದ್ರೆ ಅದೇ ಗಳಿಗೆಯಲ್ಲಿ ಇನ್ನೊಬ್ಬನನ್ನ ನೇಮಿಸಬೇಕು, ಮಂದೆ ಚದುರಬಾರದು. ನಮ್ಮಲ್ಲಿ ಕೆಲವು ಸಭೆಗಳು ಎರಡು ವರ್ಷ ಸರ್ಚ್ ಕಮಿಟಿ ನಡೆಸೋದು ನೆನೆಸ್ಕೊಂಡ್ರೆ... ಹೋಗ್ಲಿ ಬಿಡಿ. ಆದ್ರೆ ಇವರೂ ತಪ್ಪು ಮಾಡಿದೋರನ್ನ ದೂರ ಇಡೋ ಬಹಿಷ್ಕಾರದ ನಿಯಮ ಇಟ್ಕೊಂಡ್ರು, ಕತ್ತಿ ಇಲ್ಲದ ಬಲವಂತ ಅದು, ಮುಂದೆ ಇವರ ಪೀಳಿಗೆಗಳಲ್ಲೇ ಮನೆ ಮನೆ ಒಡೆದ ನಿಯಮ.

1553ರಲ್ಲಿ ಇನ್ನೊಬ್ಬ ಸುಧಾರಕ ಕ್ಯಾಲ್ವಿನ್‌ನ ಜಿನೀವಾದಲ್ಲಿ ಬೇರೆ ಸಿದ್ಧಾಂತ ಹೇಳಿದ ಸರ್ವೇಟಸ್‌ನ ಸುಟ್ಟಾಗ ಕಾಸ್ಟೆಲಿಯೊ ಅನ್ನೋ ಮೇಷ್ಟ್ರು, ಮನುಷ್ಯನನ್ನ ಕೊಂದ್ರೆ ಸಿದ್ಧಾಂತ ಕಾಪಾಡಿದ ಹಾಗಾಗಲ್ಲ, ಮನುಷ್ಯನನ್ನ ಕೊಂದ ಹಾಗೆ ಅಷ್ಟೇ ಆಗುತ್ತೆ ಅಂತ ಬರೆದ. 1555ರ ಆಗ್ಸ್‌ಬರ್ಗ್ ಒಪ್ಪಂದ ರಾಜನ ಧರ್ಮವೇ ಪ್ರಜೆಗಳ ಧರ್ಮ ಅಂತ ಮಾಡ್ತು, ಒಪ್ಪದೋರು ಆಸ್ತಿ ಮಾರ್ಕೊಂಡು ಊರು ಬಿಡಬಹುದು ಅನ್ನೋ ಒಂದು ಕಲಮು ಸೇರಿಸಿದ್ರು. ಹೊರಗೆ ಹೋಗೋ ಹಕ್ಕು ಬರವಣಿಗೆಗೆ ಬಂದಿದ್ದು ಹೀಗೆ, ಬಹಳ ದುಬಾರಿ ಬೆಲೆಗೆ. 1612ರಲ್ಲಿ ಬ್ಯಾಪ್ಟಿಸ್ಟ್ ಥಾಮಸ್ ಹೆಲ್ವಿಸ್ ಇಂಗ್ಲೆಂಡ್ ರಾಜನಿಗೇ ಪುಸ್ತಕ ಕಳಿಸಿ, ನೀವು ರಾಜರು, ದೇವರಲ್ಲ, ಆತ್ಮದ ಮೇಲೆ ನಿಮ್ಮ ಅಧಿಕಾರ ಇಲ್ಲ, ಇದು ಯಹೂದಿಗೂ ತುರ್ಕನಿಗೂ (ಅಂದ್ರೆ ಮುಸ್ಲಿಮನಿಗೂ) ಅನ್ವಯ ಅಂದ, ಜೈಲಲ್ಲೇ ಸತ್ತ.

ಈಗ ಸ್ಕಾಟ್ಲೆಂಡ್‌ಗೆ ಬನ್ನಿ. 1712ರ ಒಂದು ಕಾನೂನಿನ ಪ್ರಕಾರ ಅಲ್ಲಿ ಸಭೆಗೆ ಪಾಲಕ ಯಾರು ಅಂತ ಹೇಳೋ ಹಕ್ಕು ಜಮೀನ್ದಾರನದು. 1834ರಲ್ಲಿ ಆಖ್ಟರಾರ್ಡರ್ ಅನ್ನೋ ಊರಿಗೆ ಜಮೀನ್ದಾರ ಒಬ್ಬನನ್ನ ಕಳಿಸಿದ, ಊರಿನವರಲ್ಲಿ ಅವನಿಗೆ ಒಪ್ಪಿಗೆ ಸಹಿ ಹಾಕಿದ್ದು ಇಬ್ಬರೇ, 330 ಮನೆ ಯಜಮಾನರಲ್ಲಿ 287 ಜನ ಬೇಡ ಅಂದ್ರು. ಕೋರ್ಟ್ ಜಮೀನ್ದಾರನ ಪರ ನಿಂತ್ತು, 1839ರಲ್ಲಿ ಹೌಸ್ ಆಫ್ ಲಾರ್ಡ್ಸ್ ಕೂಡ ಅದನ್ನೇ ಎತ್ತಿಹಿಡೀತು. 1843ರ ಮೇ 18ಕ್ಕೆ ಎಡಿನ್‌ಬರಾದ ಮಹಾಸಭೆಯಿಂದ ಪಾಲಕರು ಎದ್ದು ಹೊರಗೆ ನಡೆದ್ರು, ಕೊನೆಗೆ ಸುಮಾರು 474 ಜನ, ಒಟ್ಟು ಪಾಲಕರಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ, ಸಂಬಳ ಬಿಟ್ಟು, ಮನೆ ಬಿಟ್ಟು. ಎಷ್ಟೋ ಜಮೀನ್ದಾರರು ಹೊಸ ಸಭೆಗೆ ಒಂದು ತುಂಡು ಜಾಗ ಕೊಡಲಿಲ್ಲ. ಸ್ಟ್ರಾಂಟಿಯನ್ ಅನ್ನೋ ಊರಿನವರು ನೆಲ ಇಲ್ದಿದ್ರೆ ನೀರಿದೆ ಅಂತ ಕಬ್ಬಿಣದ ತೇಲೋ ಚರ್ಚ್ ಕಟ್ಟಿಸಿ 1846ರಲ್ಲಿ ಸುನಾರ್ಟ್ ಕಡಲ ಹಿನ್ನೀರಲ್ಲಿ ಲಂಗರು ಹಾಕಿದ್ರು, ನೂರು ಜನ ಹತ್ತಿದ್ರೆ ಅದು ಒಂದು ಇಂಚು ಇಳೀತಿತ್ತಂತೆ, ಯಾವ ಪ್ರಸಂಗಿಗೆ ಎಷ್ಟು ಜನ ಬಂದ್ರು ಅಂತ ದಡದಿಂದಲೇ ಲೆಕ್ಕ ಹಾಕ್ತಿದ್ರಂತೆ. ಜಮೀನ್ದಾರರ ಆ ಹಕ್ಕು ರದ್ದಾಗಿದ್ದು 1874ರಲ್ಲಿ.

ಕ್ಯಾಥೊಲಿಕ್ ಸಭೆ 1965ರಲ್ಲಿ ಎರಡನೇ ವ್ಯಾಟಿಕನ್ ಕೌನ್ಸಿಲ್ ಕೊನೆಗೆ ಯಾರನ್ನೂ ವಿಶ್ವಾಸದ ವಿಷಯದಲ್ಲಿ ಬಲವಂತ ಮಾಡಬಾರದು ಅಂತ 2,308 ಮತಕ್ಕೆ 70 ಮತಗಳಿಂದ ಘೋಷಿಸ್ತು. ಅದೇ ಕೌನ್ಸಿಲ್ ವಯಸ್ಸಾದ ಬಿಷಪ್‌ಗಳು ತಾವಾಗಿ ರಾಜೀನಾಮೆ ಕೊಡಲಿ ಅಂತ ಕೇಳ್ತು, ಮುಂದಿನ ವರ್ಷ 75 ಅನ್ನೋ ವಯಸ್ಸು ಗೊತ್ತಾಯ್ತು. ಎರಡೂ ಒಂದೇ ಸಮಯಕ್ಕೆ ಬಂದಿದ್ದು ಕಾಕತಾಳೀಯ ಅಂತ ನನಗನ್ಸಲ್ಲ. 2013ರಲ್ಲಿ ಹದಿನಾರನೇ ಬೆನೆಡಿಕ್ಟ್ ಪೋಪ್ ಸ್ಥಾನದಿಂದಲೇ ಇಳಿದ್ರು, 1415ರ ನಂತರ ಯಾವ ಪೋಪೂ ಹಾಗೆ ಇಳಿದಿರಲಿಲ್ಲ.

ಸರ್ಕಾರದ ಕತ್ತಿ ಹೋದ್ಮೇಲೆ ಬಲವಂತ ಸಭೆಯ ಒಳಗೇ ಮನೆ ಮಾಡ್ತು. 1970ರ ದಶಕದಲ್ಲಿ ಅಮೆರಿಕದಲ್ಲಿ ಶೆಫರ್ಡಿಂಗ್ ಅನ್ನೋ ಚಳವಳಿ ಹರಡ್ತು, ಪ್ರತಿ ವಿಶ್ವಾಸಿಗೂ ಒಬ್ಬ ಕುರುಬ, ಮದುವೆ, ಕೆಲಸ, ಮನೆ ಬದಲಾಯಿಸೋದು ಎಲ್ಲಕ್ಕೂ ಎಷ್ಟೋ ಕಡೆ ಅವನನ್ನ ಕೇಳಬೇಕಿತ್ತು. ಆಮೇಲೆ ಅದನ್ನ ಶುರು ಮಾಡಿದೋರಲ್ಲೇ ಒಬ್ಬರು ಬಹಿರಂಗವಾಗಿ ಕ್ಷಮೆ ಕೇಳಿದ್ರು. ದಕ್ಷಿಣ ಕೊರಿಯಾದಲ್ಲಿ ಅಪ್ಪ ಕಟ್ಟಿದ ದೊಡ್ಡ ಸಭೆ ಮಗನ ಕೈಗೆ ಹೋಗೋದು ಜಾಸ್ತಿಯಾಗಿ 2013ರಲ್ಲಿ ಒಂದು ದೊಡ್ಡ ಪ್ರೆಸ್ಬಿಟೇರಿಯನ್ ಪಂಗಡ ಅದನ್ನ ನಿಷೇಧಿಸ್ತು, 2017ರಲ್ಲಿ ಅದೇ ಪಂಗಡದ, ರಾಜಧಾನಿ ಸೋಲ್‌ನ ಭಾರೀ ಸಭೆಯೊಂದು ಮಗನನ್ನೇ ತಂದು ಕೂರಿಸ್ತು, 2019ರಲ್ಲಿ ಪಂಗಡದ ನ್ಯಾಯಮಂಡಳಿ ಅದು ಅಸಿಂಧು ಅಂದ ಮುಂದಿನ ತಿಂಗಳೇ ಮಹಾಸಭೆ 2021ರಿಂದ ಬರಬಹುದು ಅಂತ ರಾಜಿ ಮಾಡ್ಕೊಂಡ್ತು. ದೊಡ್ಡ ಸಭೆ ಅಂದ್ರೆ ದೊಡ್ಡ ದುಡ್ಡು, ಪಂಗಡಕ್ಕೆ ಅದನ್ನ ಕಳ್ಕೊಳ್ಳೋ ಧೈರ್ಯ ಇರಲಿಲ್ಲ ಅನ್ನೋದು ನನ್ನ ಓದು.

ವಿಶ್ವಾಸಿ ಹೋಗೋ ಬಾಗಿಲಿನ ಪ್ರಶ್ನೆ ಕೋರ್ಟ್ ಮೆಟ್ಟಿಲೇರಿದ್ದು ಅಮೆರಿಕದ ಒಕ್ಲಹೋಮಾ ರಾಜ್ಯದಲ್ಲಿ. ಒಂದು ಚಿಕ್ಕ ಊರಿನ ಸಭೆಯ ಹಿರಿಯರು ಒಬ್ಬ ಮಹಿಳೆಯ ಖಾಸಗಿ ಬದುಕಿನ ಬಗ್ಗೆ ವಿಚಾರಣೆ ಮಾಡಿ, ಎಲ್ಲರ ಮುಂದೆ ಒಪ್ಕೋ, ಇಲ್ಲದಿದ್ರೆ ಹೊರಗೆ ಹಾಕ್ತೀವಿ ಅಂದ್ರು. 1981ರಲ್ಲಿ ಆಕೆ ನನಗೆ ನಿಮ್ಮ ಸಭೆಯೇ ಬೇಡ, ಸದಸ್ಯತ್ವ ಬಿಟ್ಟಿದ್ದೀನಿ ಅಂತ ಪತ್ರ ಕೊಟ್ರು. ಹಿರಿಯರ ವಾದ ಏನಂದ್ರೆ ನಮ್ಮ ಬೋಧನೆ ಪ್ರಕಾರ ಸಭೆ ಅಂದ್ರೆ ಕುಟುಂಬ, ಕುಟುಂಬ ಬಿಟ್ಟು ಹೋಗೋದು ಅಂತ ಒಂದಿಲ್ಲ, ಹಾಗಾಗಿ ಆಕೆಯ ಖಾಸಗಿ ವಿಷಯವನ್ನ ಸಭೆಯ ಮುಂದೆ ಓದಿದ್ರು, ಅಕ್ಕಪಕ್ಕದ ಸಭೆಗಳಿಗೂ ಕಳಿಸಿದ್ರು. ಆಕೆ ಕೋರ್ಟಿಗೆ ಹೋದ್ರು, ಜ್ಯೂರಿ 3,90,000 ಡಾಲರ್ ಪರಿಹಾರ ಹೇಳ್ತು. 1989ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಇಡೀ ಪ್ರಕರಣವನ್ನ ಆ ಪತ್ರದ ತಾರೀಖಿನಲ್ಲಿ ಎರಡು ಭಾಗ ಮಾಡ್ತು: ಪತ್ರಕ್ಕಿಂತ ಮೊದಲು ಹಿರಿಯರು ಮಾಡಿದ್ದು ಸಭೆಯ ಒಳಗಿನ ಶಿಸ್ತು, ಆಕೆ ಒಪ್ಪಿಕೊಂಡೇ ಸದಸ್ಯೆಯಾಗಿದ್ರು, ಅದರಲ್ಲಿ ಕೋರ್ಟ್ ಕೈ ಹಾಕಲ್ಲ, ಪತ್ರ ಕೊಟ್ಟ ಮೇಲೆ ಆಕೆಯ ಒಪ್ಪಿಗೆ ಮುಗೀತು, ಅಲ್ಲಿಂದ ಮುಂದೆ ಮಾಡಿದ್ದಕ್ಕೆ ಹಿರಿಯರು ಎಲ್ಲರ ಹಾಗೆ ಕಾನೂನಿಗೆ ಉತ್ತರ ಕೊಡಬೇಕು, ಪರಿಹಾರದ ಮೊತ್ತ ಅಷ್ಟಕ್ಕೆ ಮಾತ್ರ ಮತ್ತೆ ಲೆಕ್ಕ ಆಗಲಿ ಅಂತ.