ಸೋಡಿಯಂ ಗ್ರಾಫೈಟ್ ಒಳಗೆ ಯಾಕೆ ಹೋಗುವುದಿಲ್ಲ?

"ಮಾಷ್ಟ್ರೇ, ಸೋಡಿಯಂ ಬ್ಯಾಟರಿಗೆ ಗ್ರಾಫೈಟ್ ಆಗುವುದಿಲ್ಲವಂತೆ. ಸೋಡಿಯಂ ದಪ್ಪ, ಪದರದ ನಡುವೆ ನುಗ್ಗುವುದಿಲ್ಲ, ಅಲ್ವಾ?"

ಕುಂಬಳೆಯಿಂದಲೂ ಇದೇ, ಬದಿಯಡ್ಕದಿಂದಲೂ ಇದೇ ಪ್ರಶ್ನೆ. ಮಳೆಗಾಲದಲ್ಲಿ ಕರೆಂಟು ಹೋದಾಗಲೆಲ್ಲ ಇನ್ವರ್ಟರ್ ಮಾತು ಬರುತ್ತದೆ, ಅದರ ಹಿಂದೆಯೇ ಈ 'ದಪ್ಪ'ದ ಮಾತು. ಎಷ್ಟು ಸಲ ಹೇಳಿದರೂ ಹೋಗುವುದಿಲ್ಲ. ಈ ಸಲ ಬುಡದಿಂದಲೇ ಹೇಳುತ್ತೇನೆ. ಗ್ರಾಫೈಟ್ ಎಂದರೆ ಪದರ ಪದರವಾಗಿ ಕೂತ ಕಾರ್ಬನ್. ಲಿಥಿಯಂ ಬ್ಯಾಟರಿ ಚಾರ್ಜ್ ಆಗುವಾಗ ಲಿಥಿಯಂ ಹೋಗಿ ಕೂರುವುದು ಆ ಪದರಗಳ ನಡುವೆ.

ಮೊದಲು ಅಳತೆ ನೋಡಿ. ಲಿಥಿಯಂ ಅಯಾನಿನ (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವಿನ) ತ್ರಿಜ್ಯ 0.76 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು), ಸೋಡಿಯಂನದು 1.02, ಪೊಟಾಸಿಯಂನದು 1.38. ದಪ್ಪವೇ ಅಡ್ಡಿಯಾದರೆ ಪೊಟಾಸಿಯಂ ಬಾಗಿಲಲ್ಲೇ ನಿಲ್ಲಬೇಕಿತ್ತು. ಆದರೆ ಅದು ಸಲೀಸಾಗಿ ಒಳಗೆ ಹೋಗುತ್ತದೆ. ಎಂಟು ಕಾರ್ಬನ್‌ಗೆ ಒಂದರಂತೆ ಕೂತು, ಕಪ್ಪು ಗ್ರಾಫೈಟನ್ನು ಕಂಚಿನ ಬಣ್ಣಕ್ಕೆ ತಿರುಗಿಸುತ್ತದೆ. ಅದಕ್ಕಿಂತ ದೊಡ್ಡ ಸೀಸಿಯಂ ಕೂಡ ಹೋಗುತ್ತದೆ. ಸಣ್ಣದು ಹೋಗುತ್ತದೆ, ದೊಡ್ಡದು ಹೋಗುತ್ತದೆ, ನಡುವಿನದಕ್ಕೆ ಮಾತ್ರ ಆಗುವುದಿಲ್ಲ. ಇದು ಜಾಗದ ವಿಷಯ ಹೇಗಾದೀತು?

ವಿಷಯ ಇರುವುದು ಶಕ್ತಿಯ ಲೆಕ್ಕದಲ್ಲಿ. ಒಳಗೆ ಕೂರಬೇಕಾದರೆ ಲೋಹದ ಪರಮಾಣು ತನ್ನ ಗುಂಪು ಬಿಡಬೇಕು, ಎಲೆಕ್ಟ್ರಾನ್ ಕೊಡಬೇಕು, ಪದರಗಳನ್ನು ಅಗಲಿಸಬೇಕು. ಇದೆಲ್ಲ ಖರ್ಚು. ಕಾರ್ಬನ್ ಜೊತೆಗಿನ ಸೆಳೆತ ಆದಾಯ. ಎಲೆಕ್ಟ್ರಾನ್ ಬಿಡಿಸಲು ಮೋಲ್‌ಗೆ ಲಿಥಿಯಂಗೆ 520 ಕಿಲೊಜೂಲ್ ಬೇಕು. ಆದರೆ ಅದು ಕಾರ್ಬನ್ನನ್ನು ಬಿಗಿಯಾಗಿ ಹಿಡಿದು ಆ ಖರ್ಚು ತೀರಿಸುತ್ತದೆ. ಪೊಟಾಸಿಯಂಗೆ 419 ಸಾಕು, ಖರ್ಚೇ ಕಡಿಮೆ. ಸೋಡಿಯಂಗೆ 496. ಖರ್ಚು ಲಿಥಿಯಂನ ಹತ್ತಿರ, ಹಿಡಿತ ಮಾತ್ರ ಸಡಿಲ. ಒಳಗೆ ಹೋಗುವುದಕ್ಕಿಂತ ಹೊರಗೆ ಲೋಹವಾಗಿ ಕೂರುವುದೇ ಅದಕ್ಕೆ ಮೇಲು.

ಇನ್ನೊಂದು ಸಾಕ್ಷಿ ಇದೆ. ಇದನ್ನು ತರಗತಿಯಲ್ಲಿ ಹೇಳುವಾಗ ನನಗೆ ಈಗಲೂ ಖುಷಿಯಾಗುತ್ತದೆ. 2014ರಲ್ಲಿ ಜರ್ಮನಿಯ ಗೀಸೆನ್‌ನಲ್ಲಿ ಯಾಖೆ (Jache) ಮತ್ತು ಆಡೆಲ್‌ಹೆಲ್ಮ್ ಎಂಬ ವಿಜ್ಞಾನಿಗಳು ಬ್ಯಾಟರಿಯೊಳಗಿನ ದ್ರಾವಕವನ್ನು ಬದಲಿಸಿ, ಡೈಗ್ಲೈಮ್ ಎಂಬ ಈಥರ್ ಹಾಕಿ ನೋಡಿದರು. ಒಂದು ಡೈಗ್ಲೈಮ್ ಅಣುವಿನಲ್ಲಿ ಮೂರು ಆಕ್ಸಿಜನ್. ಅಂಥ ಎರಡು ಅಣುಗಳು ಸೋಡಿಯಂ ಅಯಾನನ್ನು ಸುತ್ತಿ ಹಿಡಿಯುತ್ತವೆ, ಮೂರೂ ಸೇರಿ ಒಳಗೆ ಹೋಗುತ್ತವೆ! 3.35 ಆಂಗ್‌ಸ್ಟ್ರಾಂ ಇದ್ದ ಪದರದ ಅಂತರ ಮೂರು ಪಟ್ಟಿಗೂ ಜಾಸ್ತಿ ಹಿಗ್ಗುತ್ತದೆ. ಆದರೂ ಗ್ರಾಫೈಟ್ ಒಡೆಯಲಿಲ್ಲ, ಸಾವಿರ ಸಲ ಚಾರ್ಜ್ ಮಾಡಿದರೂ ತಾಳಿತು. ಒಂಟಿ ಸೋಡಿಯಂಗೆ ಜಾಗ ಇಲ್ಲದಿದ್ದರೆ ಇಷ್ಟು ದೊಡ್ಡ ಕೂಟಕ್ಕೆ ಎಲ್ಲಿಂದ ಬಂತು? ದ್ರಾವಕ ಸುತ್ತಿಕೊಂಡಿರುವುದರಿಂದ ಸೋಡಿಯಂ ಕಾರ್ಬನ್ನನ್ನು ನೇರವಾಗಿ ಹಿಡಿಯಬೇಕಾಗಿಲ್ಲ, ಅಷ್ಟೇ.

ಲಿಥಿಯಂ ಬ್ಯಾಟರಿಯಲ್ಲಾದರೆ ದ್ರಾವಕ ಹೀಗೆ ಒಳಗೆ ಹೋಗುವುದೇ ತೊಂದರೆ. ಅಲ್ಲಿ ಪ್ರೊಪಿಲೀನ್ ಕಾರ್ಬೊನೇಟ್ ಎಂಬ ದ್ರಾವಕ ಒಳಗೆ ನುಗ್ಗಿದರೆ ಗ್ರಾಫೈಟ್ ಪದರ ಪದರವಾಗಿ ಕಿತ್ತು ಬರುತ್ತದೆ.

ಡೈಗ್ಲೈಮ್ ದಾರಿಯಲ್ಲಿ ಒಂದು ಗ್ರಾಂ ಗ್ರಾಫೈಟ್ ಹಿಡಿಯುವ ಚಾರ್ಜ್ ಸುಮಾರು 100 ಮಿಲಿಆಂಪಿಯರ್ ಅವರ್. ಲಿಥಿಯಂ ಗ್ರಾಫೈಟಿಗೆ ಲೆಕ್ಕದ ಪ್ರಕಾರ 372. ಆದ್ದರಿಂದ ಮಾರುಕಟ್ಟೆಯ ಸೋಡಿಯಂ ಬ್ಯಾಟರಿಗಳಲ್ಲಿ ಹೆಚ್ಚಾಗಿ ಹಾಕುವುದು ಹಾರ್ಡ್ ಕಾರ್ಬನ್, ಅಂದರೆ ಎಷ್ಟು ಕಾಯಿಸಿದರೂ ಗ್ರಾಫೈಟ್ ಆಗದ ಕಾರ್ಬನ್. ಅದು 300ರ ಆಸುಪಾಸು ಕೊಡುತ್ತದೆ.

ಹಾರ್ಡ್ ಕಾರ್ಬನ್ ಯಾವುದರಿಂದ ಎಂದು ಯಾರೂ ಕೇಳಲಿಲ್ಲ. ತೆಂಗಿನ ನಾಡಿನವರು ಕೇಳಬೇಕಿತ್ತು. ನಮ್ಮ ಗೆರಟೆಯಿಂದಲೂ (ತೆಂಗಿನ ಚಿಪ್ಪಿನಿಂದಲೂ) ಮಾಡಬಹುದು! ಕೆಲವು ಇದ್ದಿಲು ಎಷ್ಟು ಕಾಯಿಸಿದರೂ ಗ್ರಾಫೈಟ್ ಆಗುವುದಿಲ್ಲ ಎಂದು 1951ರಲ್ಲಿ ವಿಂಗಡಿಸಿ ತೋರಿಸಿದವರು ರೊಸಾಲಿಂಡ್ ಫ್ರಾಂಕ್ಲಿನ್. ಡಿಎನ್‌ಎಯ ಎಕ್ಸ್-ರೇ ಚಿತ್ರಕ್ಕೆ ಹೆಸರಾದ ವಿಜ್ಞಾನಿ ಫ್ರಾಂಕ್ಲಿನ್ ಅವರೇ. ಗೆರಟೆ ಇದ್ದಿಲು ಆ ಜಾತಿಯದು. ಅದರ ಪದರಗಳು ಅಡ್ಡಾದಿಡ್ಡಿ, ನಡುವೆ ಸಣ್ಣ ಸಣ್ಣ ಪೊಟರೆ. ಸೋಡಿಯಂ ಅಲ್ಲಿ ಸೇರಿಕೊಳ್ಳುತ್ತದೆ. ಆದರೆ ಬಚ್ಚಲೊಲೆಯ ಇದ್ದಿಲು ಸಾಲದು. ಗಾಳಿ ಸೋಕದಂತೆ 1000 ಡಿಗ್ರಿಗೂ ಮೇಲೆ ಕಾಯಿಸಬೇಕು. ಗೆರಟೆಯಲ್ಲಿ ಸಹಜವಾಗಿ ಇರುವ ಪೊಟಾಸಿಯಂ ಮುಂತಾದ ಲವಣಗಳನ್ನು ಆಮ್ಲದಲ್ಲಿ ತೊಳೆದು ತೆಗೆಯಬೇಕು.