ಕೆಳಗೆ ಹಗ್ಗ ಹಿಡಿಯುವವನಿಗೆ ದಿನಕ್ಕೆ ಎಷ್ಟು ಕೊಡಬೇಕು?

ಪ್ರಶ್ನೆ: ಮನೆ ಹಿಂದಿನ ಮಾವಿನ ಮರ ತೆಗೆಸಬೇಕು. ಮರ ಹತ್ತುವವನ ರೇಟು ಮಾತಾಡಿದ್ದಾಯಿತು. ಕೆಳಗೆ ನಿಲ್ಲುವ ಇಬ್ಬರಿಗೆ ದಿನಕ್ಕೆ ಎಷ್ಟು ಕೊಟ್ಟರೆ ನ್ಯಾಯ? ಅವರು ಯಾರ ಕೈಕೆಳಗೂ ಇಲ್ಲ, ಕರೆದವರ ಕೆಲಸಕ್ಕೆ ಬರುತ್ತಾರೆ.

ಭರಣಿ ಮಳೆಯ ಗಾಳಿಗೆ ನಾಲ್ಕು ಕೊಂಬೆ ಮುರಿದರೆ ಸಾಕು, ಮೈಸೂರಿನ ಕುವೆಂಪುನಗರದಿಂದ ಹಿಡಿದು ಮದ್ದೂರಿನ ತೋಟದವರ ತನಕ ಎಲ್ಲರೂ ಮರ ಹತ್ತುವ ನನ್ನನ್ನು ಇದನ್ನೇ ಕೇಳುತ್ತಾರೆ. ಪ್ರತಿ ವರ್ಷ ಹೇಳುತ್ತೇನೆ, ಮತ್ತೆ ಹೇಳುತ್ತೇನೆ. ನಿಮ್ಮ ಬೀದಿಯಲ್ಲಿ ಯಾರಾದರೂ ಮನೆ ಕಟ್ಟಿಸುತ್ತಿದ್ದರೆ, ಗಾರೆ ಹೆಲ್ಪರ್‌ಗೆ ಇವತ್ತು ಎಷ್ಟು ನಡೆಯುತ್ತಿದೆ ಅಂತ ಕೇಳಿ. ಅದರ ಮೇಲೆ ಕಾಲು ಭಾಗ ಸೇರಿಸಿ. ಅದಕ್ಕಿಂತ ಕೆಳಗೆ ಇಳಿಯಬೇಡಿ. ಹಗ್ಗದ ಕೆಲಸ ಬಲ್ಲವನು, ಮೆಷಿನ್ ಹಿಡಿದು ಬೊಡ್ಡೆ ತುಂಡು ಮಾಡುವವನು ಆದರೆ ಗಾರೆ ಮೇಸ್ತ್ರಿಯ ಕೂಲಿಯನ್ನೇ ಕೊಡಿ. ಊಟ, ಕಾಫಿ ಬೇರೆ.

ಇಷ್ಟು ಹೇಳಿದ ತಕ್ಷಣ ಬರುವ ಮಾತು ಒಂದೇ. "ಅವನು ಸುಮ್ನೆ ಕೆಳಗೆ ನಿಂತು ಹಗ್ಗ ಹಿಡಿಯೋದು ತಾನೇ? ಜೀವಕ್ಕೆ ಅಪಾಯ ಇರೋದು ಮೇಲಿರೋನಿಗೆ. ಇವನಿಗೆ ಅರ್ಧ ಕೂಲಿ ಸಾಕಲ್ವಾ?"

ಸಾಲದು. ಯಾಕೆ ಸಾಲದು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು ಅಡಿ ದಪ್ಪ, ಒಂದು ಮೀಟರ್ ಉದ್ದದ ಹಸಿ ಮಾವಿನ ತುಂಡು ಸುಮಾರು 60 ಕೆ.ಜಿ. ತೂಗುತ್ತದೆ. 10 ಮೀಟರ್ ಎತ್ತರದಿಂದ ಬಿಟ್ಟರೆ ನೆಲ ಮುಟ್ಟಲು ಅದಕ್ಕೆ ಒಂದೂವರೆ ಸೆಕೆಂಡ್ ಕೂಡ ಬೇಡ. ಬೀಳುವ ಹೊತ್ತಿಗೆ ವೇಗ ಗಂಟೆಗೆ 50 ಕಿ.ಮೀ. ಆ ತುಂಡು ಬೀಳುವುದು ಕೆಳಗೆ. ಮೇಲಿರುವವನ ತಲೆ ಮೇಲಲ್ಲ.

ಇನ್ನು ಹಗ್ಗ. ಪಕ್ಕದ ಮನೆಯ ಶೀಟಿನ ಮೇಲೆ ಚಾಚಿದ ಕೊಂಬೆಯನ್ನು ಹಾಗೇ ಬೀಳಿಸುವಂತಿಲ್ಲ, ಕಟ್ಟಿ ಇಳಿಸಬೇಕು. ಕೆಳಗಿನವನು ಹಗ್ಗವನ್ನು ಬೊಡ್ಡೆಗೆ ಸುತ್ತಿಕೊಂಡು ಹಿಡಿಯುತ್ತಾನೆ. ಭಾರ ತಡೆಯುವುದು ಅವನ ತೋಳಲ್ಲ, ತೊಗಟೆಯ ಮೇಲೆ ಆ ಸುತ್ತುಗಳ ಉಜ್ಜಾಟ. ಒಂದು ಸುತ್ತು ಕಡಿಮೆಯಾದರೆ ಹಗ್ಗ ಅಂಗೈ ಚರ್ಮ ಕಿತ್ತುಕೊಂಡು ಓಡುತ್ತದೆ. ಒಂದು ಜಾಸ್ತಿಯಾದರೆ ಕೊಂಬೆ ಅರ್ಧದಲ್ಲಿ ಗಕ್ಕನೆ ನಿಂತು ಇಡೀ ಮರ ಒದರುತ್ತದೆ, ಮೇಲಿದ್ದವನು ಬೊಡ್ಡೆಯನ್ನು ತಬ್ಬಿಕೊಳ್ಳಬೇಕಾಗುತ್ತದೆ. ಎಷ್ಟು ಸುತ್ತು ಹಾಕಬೇಕು, ಯಾವಾಗ ಸಡಿಲ ಬಿಡಬೇಕು, ಇದನ್ನು ಕೊಂಬೆ ನೋಡಿಯೇ ಹೇಳುವವನು ಕೆಳಗಿರುವವನು. ನನ್ನ ಜೊತೆ ಬರುವ ಒಬ್ಬರು ಹಗ್ಗದ ಬಿಗಿ ಕೈಗೆ ಸಿಕ್ಕ ಕೂಡಲೇ "ಇದು ಒಳಗೆ ಟೊಳ್ಳು" ಅನ್ನುತ್ತಾರೆ. ಅವರಿದ್ದರೆ ಮಾತ್ರ ನಾನು ದೊಡ್ಡ ಮರ ಹತ್ತುತ್ತೇನೆ. ಅವರಿಗೆ ಅರ್ಧ ಕೂಲಿ ಅಂದರೆ ನನಗೆ ಕೋಪ ಬರುತ್ತದೆ.

"ನರೇಗಾದಲ್ಲಿ ಅಷ್ಟೇ ಕೊಡೋದು" ಅನ್ನುವವರೂ ಇದ್ದಾರೆ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅಲ್ಲಿ ತಲೆ ಮೇಲೆ ಕೊಂಬೆ ತೂಗಾಡುವುದಿಲ್ಲ. ಹೋಲಿಕೆಯೇ ಸರಿಯಲ್ಲ.

ಸ್ವಂತವಾಗಿ ದುಡಿಯುವವನ ಲೆಕ್ಕವೇ ಬೇರೆ. ಮನೆ ನಡೆಯಲು ತಿಂಗಳಿಗೆ 20,000 ಬೇಕು ಅಂದುಕೊಳ್ಳಿ. 26 ದಿನಕ್ಕೆ ಭಾಗಿಸಿದರೆ 770 ಸಾಕು ಅನ್ನಿಸುತ್ತದೆ. ಆದರೆ ಮಳೆ, ಹಬ್ಬ, ಕೆಲಸ ಸಿಗದ ದಿನ ಎಲ್ಲ ಕಳೆದು 18 ದಿನ ಕೆಲಸ ಸಿಕ್ಕರೆ ಕೈಗೆ ಬರುವುದು 13,860. ಗ್ಲೌಸು, ಹೆಲ್ಮೆಟ್, ಬೈಕಿನ ಪೆಟ್ರೋಲಿಗೆ 2,000 ಹೋದರೆ ಉಳಿಯುವುದು 11,860. ಆ 20,000 ನಿಜವಾಗಿ ಮನೆಗೆ ಮುಟ್ಟಬೇಕಾದರೆ ದಿನಕ್ಕೆ ಸುಮಾರು 1,220 ಬೇಕು. ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ರಜೆಗೆ ಸಂಬಳ ಇಲ್ಲ. ಅದನ್ನೆಲ್ಲ ಈ ಕೂಲಿಯಲ್ಲೇ ಹೊಂದಿಸಿಕೊಳ್ಳಬೇಕು.

"ಸೌದೆ ನೀವೇ ತಗೊಳ್ಳಿ, ಕೂಲಿ ಕಡಿಮೆ ಮಾಡಿ" ಅನ್ನಬೇಡಿ. ಹಸಿ ಸೌದೆ ತುಂಬಿಸಿ, ಸಾಗಿಸಿ, ಒಣಗಿಸಿ ಮಾರುವುದು ಇನ್ನೊಂದು ದಿನದ ಕೆಲಸ.

ಕೆಲಸಕ್ಕೆ ಹೋಗುವವರಿಗೂ ಒಂದು ಮಾತು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ ನಿಮ್ಮ ಬ್ಯಾಂಕ್ ಖಾತೆಯಿಂದಲೇ ಕಟ್ ಆಗುತ್ತದೆ. 18ರಿಂದ 70 ವರ್ಷದವರೆಗಿನವರು ಸೇರಬಹುದು. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ. ಆಸ್ಪತ್ರೆ ಖರ್ಚು ಇದರಲ್ಲಿ ಬರುವುದಿಲ್ಲ, ಆದರೂ ಮಾಡಿಸಿ.

ಇನ್ನೊಂದು ವಿಷಯ ನೀವು ಕೇಳಲಿಲ್ಲ, ಕೇಳಬೇಕಿತ್ತು: ಮಾವಿನ ಮರ ತೆಗೆಯಲು ಅನುಮತಿ ತಗೊಂಡಿದ್ದೀರಾ? 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಾಗದ ಮರವಾದರೂ ವೃಕ್ಷ ಅಧಿಕಾರಿಯ ಒಪ್ಪಿಗೆ ಬೇಕು. ತೆಂಗು, ನೀಲಗಿರಿಯಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ನಿಮ್ಮ ಮರಕ್ಕೆ ಇದೆಯೇ ಅಂತ ಅವರನ್ನೇ ಕೇಳಿ. ಇದಕ್ಕೂ ಕೂಲಿಗೂ ಸಂಬಂಧ ಇದೆ. ಒಮ್ಮೆ ಮಂಡ್ಯದಲ್ಲಿ ಒಂದು ಮನೆಗೆ ಹೋಗಿ ಹಗ್ಗ ಕಟ್ಟಿ ಆಗಿತ್ತು. ಪಕ್ಕದವರು ಬಂದು ಅನುಮತಿ ಪತ್ರ ತೋರಿಸಿ ಅಂದರು. ಮನೆಯವರ ಹತ್ತಿರ ಇರಲಿಲ್ಲ. ಹನ್ನೊಂದು ಗಂಟೆಗೆ ಹಗ್ಗ ಬಿಚ್ಚಿಕೊಂಡು ವಾಪಸ್ ಬಂದೆವು. ಜೊತೆಗಿದ್ದ ಇಬ್ಬರು ಆ ದಿನ ಕಬ್ಬು ಕಡಿಯುವ ಕೆಲಸ ಬಿಟ್ಟು ಬಂದಿದ್ದರು. ಮನೆಯವರು ಒಂದು ರೂಪಾಯಿ ಕೊಡಲಿಲ್ಲ. ಅವರ ಕೂಲಿ ನಾನು ಕೊಟ್ಟೆ.

ಹಾಗಾಗಿ ಪತ್ರ ಕೈಗೆ ಬಂದ ಮೇಲೆ ದಿನ ಗೊತ್ತು ಮಾಡಿ. ಕರೆಂಟ್ ತಂತಿ ಹತ್ತಿರವಿದ್ದರೆ ಮೊದಲೇ 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸುವ ಏರ್ಪಾಟು ನೋಡಿಕೊಳ್ಳಿ. ಕರೆಸಿಕೊಂಡ ಮೇಲೆ ನಿಮ್ಮ ಕಡೆಯಿಂದ ಕೆಲಸ ನಿಂತರೆ ಆ ದಿನದ ಕೂಲಿ ಪೂರ್ತಿ ಕೊಡಿ.