ಕ್ಯಾಥ್ಲೀನ್ ಕೆನ್ಯನ್ ಮತ್ತು ಯೆರಿಕೋದ ಗೋಡೆ

ಬೈಬಲ್ ಪುರಾತತ್ತ್ವ ಓದುವವರು ಬ್ರಿಟಿಷ್ ಪುರಾತತ್ತ್ವಜ್ಞೆ ಕೆನ್ಯನ್ (1906–1978) ಅವರನ್ನು ದಾಟಿ ಹೋಗುವಂತಿಲ್ಲ. ಹುಟ್ಟಿದ್ದು ಲಂಡನ್. ತಂದೆ ಫ್ರೆಡರಿಕ್ ಕೆನ್ಯನ್ ಬೈಬಲ್ ಹಸ್ತಪ್ರತಿಗಳ ವಿದ್ವಾಂಸರು, ಬ್ರಿಟಿಷ್ ಮ್ಯೂಸಿಯಂ ನಿರ್ದೇಶಕರು. ಮಗಳು ಆಕ್ಸ್‌ಫರ್ಡ್‌ನಲ್ಲಿ ಇತಿಹಾಸ ಓದಿ, 1929ರಲ್ಲಿ ಆಫ್ರಿಕಾದ ಪಾಳುನಗರ ಗ್ರೇಟ್ ಜಿಂಬಾಬ್ವೆಯ ಉತ್ಖನನಕ್ಕೆ ಫೋಟೋ ತೆಗೆಯಲು ಹೋದರು. ಅಲ್ಲಿಂದ ಬದುಕೆಲ್ಲ ಮಣ್ಣಿನಲ್ಲೇ.

ಕೆಲಸ ಕಲಿತದ್ದು ಇಂಗ್ಲೆಂಡಿನ ರೋಮನ್ ಕಾಲದ ಪಟ್ಟಣ ವೆರುಲೇಮಿಯಂನಲ್ಲಿ, ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ದಂಪತಿಯ ಕೈಕೆಳಗೆ. 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದ್ದು ಇದೇ ವೀಲರ್. ವೀಲರ್, ಕೆನ್ಯನ್ ಇಬ್ಬರ ಹೆಸರೂ ಸೇರಿದ ವಿಧಾನ ಇಷ್ಟು: ಚೌಕ ಚೌಕವಾಗಿ ಅಗೆಯಬೇಕು, ನಡುವೆ ಅಗೆಯದ ಮಣ್ಣಿನ ದಿಂಡು ಬಿಡಬೇಕು. ದಿಂಡಿನ ಮೈಯಲ್ಲಿ ಪದರಗಳು ಕಾಣುತ್ತವೆ. ಗೋಡೆಯ ಪಾಯಕ್ಕೆ ತೋಡಿದ ಗುಂಡಿ ಯಾವ ಪದರವನ್ನು ಕತ್ತರಿಸಿದೆ, ಯಾವ ಪದರ ಅದನ್ನು ಮುಚ್ಚಿದೆ ನೋಡಿ. ಗೋಡೆಯ ಕಾಲ ಅವೆರಡರ ನಡುವೆ. ಗುಂಡಿಯ ಮಡಕೆ ಚೂರನ್ನು ಪಕ್ಕದ ಹಳೆ ಪದರದ ಚೂರಿನೊಡನೆ ಬೆರೆಸಿದರೆ ಲೆಕ್ಕ ಕೆಟ್ಟಂತೆಯೇ. ಪರೀಕ್ಷೆಯಲ್ಲಿ ಇದಕ್ಕೊಂದು ಚಿತ್ರ ಬರೆಯಿರಿ, ಎರಡು ಪುಟದ ವಿವರಣೆ ಉಳಿಯುತ್ತದೆ.

ಈಗ ಯೆರಿಕೋ, ಪ್ಯಾಲೆಸ್ತೀನಿನ ಪ್ರಾಚೀನ ಪಟ್ಟಣ. ಇಸ್ರಾಯೇಲರ ನಾಯಕ ಯೆಹೋಶುವನ ಮುಂದೆ ಇದರ ಗೋಡೆ ಕುಸಿದು ಬಿತ್ತು ಎನ್ನುತ್ತದೆ ಬೈಬಲ್. 1930ರ ದಶಕದಲ್ಲಿ ಪುರಾತತ್ತ್ವಜ್ಞ ಜಾನ್ ಗಾರ್‌ಸ್ಟಾಂಗ್ ಅಲ್ಲಿ ಕುಸಿದ ಗೋಡೆ ಕಂಡು, ಇದು ಯೆಹೋಶುವನ ಕಾಲದ್ದು, ಸುಮಾರು ಕ್ರಿ.ಪೂ. 1400 ಎಂದಿದ್ದರು. ಕೆನ್ಯನ್ 1952ರಿಂದ 1958ರವರೆಗೆ ಅಗೆದು ನೋಡಿದರೆ ಆ ಗೋಡೆ ಆದಿ ಕಂಚಿನ ಯುಗದ್ದು, ಗಾರ್‌ಸ್ಟಾಂಗ್ ಹೇಳಿದ್ದಕ್ಕಿಂತ ಸುಮಾರು ಸಾವಿರ ವರ್ಷ ಹಳೆಯದು! ಅದರ ನಂತರದ ಪಟ್ಟಣವೂ ಕ್ರಿ.ಪೂ. 1550ರ ಹೊತ್ತಿಗೆ ಸುಟ್ಟುಹೋಗಿತ್ತು. ಯೆಹೋಶುವನ ಕಾಲಕ್ಕೆ ಹೊಂದುವ ಕೋಟೆ ಸಿಗಲಿಲ್ಲ. ಆದರೆ 'ಬೈಬಲ್ ಸುಳ್ಳು' ಎಂದು ಅವರು ಸಾರಿದರೆಂದು ಬರೆಯಬೇಡಿ. ಆ ಕಾಲದ ಪದರಗಳು ಬಹುಪಾಲು ಮಳೆಗಾಳಿಗೆ ಸವೆದುಹೋಗಿವೆ ಎಂಬುದೂ ಅವರದೇ ಮಾತು.

ನನ್ನ ಮಟ್ಟಿಗೆ ಇನ್ನೂ ದೊಡ್ಡ ಶೋಧ ಅದರ ತಳದಲ್ಲಿತ್ತು: ಕ್ರಿ.ಪೂ. 8000ರ ಸುಮಾರಿನ, ಒಳಗೇ ಮೆಟ್ಟಿಲಿರುವ ಕಲ್ಲಿನ ಬುರುಜು. 1953ರಲ್ಲಿ ಅಗೆತದ ಬದಿಯಿಂದ ಇಣುಕುತ್ತಿದ್ದ ತಲೆಬುರುಡೆಯೊಂದನ್ನು ಬಿಡಿಸಿದಾಗ, ಗಾರೆ ಮೆತ್ತಿ ಮುಖ ತಿದ್ದಿ, ಕಣ್ಣಿಗೆ ಚಿಪ್ಪು ಕೂರಿಸಿದ್ದು ಕಂಡಿತು. ಅಂಥವು ಮತ್ತಷ್ಟು ಸಿಕ್ಕವು.

1961–67ರಲ್ಲಿ ಜೆರುಸಲೇಮ್ ಉತ್ಖನನ, 1962ರಿಂದ ಆಕ್ಸ್‌ಫರ್ಡ್‌ನ ಸೇಂಟ್ ಹ್ಯೂಸ್ ಕಾಲೇಜಿನ ಪ್ರಾಂಶುಪಾಲರ ಹುದ್ದೆ. ಹೀಗೆ ಯೆರಿಕೋ ವರದಿಗಳು ಹಿಂದೆ ಬಿದ್ದು, ಕೊನೆಯ ಸಂಪುಟಗಳು ಅವರು ತೀರಿಕೊಂಡ ಮೇಲೆ ಅಚ್ಚಾದವು. ಸಣ್ಣ ಜಾಗ ಅಗೆದು ದೊಡ್ಡ ತೀರ್ಮಾನ ಕೊಟ್ಟರೆಂದು ಟೀಕಿಸುವವರೂ ಇದ್ದಾರೆ. 1990ರಲ್ಲಿ ಪುರಾತತ್ತ್ವಜ್ಞ ಬ್ರಯಂಟ್ ವುಡ್, ಯೆರಿಕೋ ಪಟ್ಟಣ ಸುಟ್ಟದ್ದು ಸುಮಾರು ಕ್ರಿ.ಪೂ. 1400ರಲ್ಲೇ ಎಂದು ವಾದಿಸಿದರು. 1995ರಲ್ಲಿ ಪ್ರಕಟವಾದ, ಅಲ್ಲಿನ ಸುಟ್ಟ ಕಾಳುಗಳ ಇಂಗಾಲ ಪರೀಕ್ಷೆ (ಅವುಗಳಲ್ಲಿ ಉಳಿದ ವಿಕಿರಣಶೀಲ ಇಂಗಾಲದಿಂದ ಕಾಲ ಗುರುತಿಸುವುದು) ಕೆನ್ಯನ್ ಕಡೆಗೇ ವಾಲಿತು.